ಅಭಯ ಶಬ್ದದ ಅರ್ಥವೂ ಅದರ ಚರಿತ್ರೆಯೂ

ಮಠದ ಬಾಗಿಲಿಗೆ ಬರುವವರಲ್ಲಿ ಬಹುಮಂದಿ ಯಾವುದಾದರೊಂದು ಭಯವನ್ನು ಹೊತ್ತುಕೊಂಡೇ ಬರುವರು. ಮಳೆ ತಪ್ಪಿ ಬೆಳೆ ಒಣಗಿದ ಒಕ್ಕಲಿಗನು, ಮಗುವಿನ ಜ್ವರವಿಳಿಯದೆ ಕಂಗೆಟ್ಟ ತಾಯಿಯು, ಸಾಲದ ಹೊರೆಯಿಂದ ಕುಗ್ಗಿದವನು, ಆಸರೆ ತಪ್ಪಿದ ವಿಧವೆಯು, ವಿದ್ಯೆಗೆ ದಾರಿಗಾಣದ ಬಡ ಬಾಲಕನು—ಇವರೆಲ್ಲರೂ ಗುರುಸನ್ನಿಧಿಯಲ್ಲಿ ತಲೆವಾಗಿ ನಿಂತಾಗ ಬಯಸುವುದು ಒಂದೇ ಮಾತನ್ನು. ಆ ಮಾತನ್ನು ಹಿರಿಯರು ‘ಅಭಯ’ವೆಂಬ ಮೂರಕ್ಷರಗಳಲ್ಲಿ ಅಡಗಿಸಿಟ್ಟಿರುವರು. ಅಭಯವಚನ, ಅಭಯಹಸ್ತ, ಅಭಯದಾನ, ಅಭಯಪ್ರದಾನ ಎಂಬ ಮಾತುಗಳು ಭಕ್ತರ ಬಾಯಲ್ಲಿ ದಿನದಿನವೂ ಹೊರಳುತ್ತಲಿರುವುವು. ದಿನಬಳಕೆಯ ನಾಣ್ಯವು ಕೈಯಿಂದ ಕೈಗೆ ಸವೆದು ತನ್ನ ಮುದ್ರೆಯನ್ನು ಕಳೆದುಕೊಳ್ಳುವಂತೆ, ಬಳಕೆಯ ಶಬ್ದವೂ ತನ್ನ ಅರ್ಥದ ಅಚ್ಚನ್ನು ಮರೆಸಿಕೊಳ್ಳುವುದುಂಟು. ಆದುದರಿಂದ ಈ ಮಹೋತ್ಸವದ ಸಂದರ್ಭದಲ್ಲಿ ಆ ಶಬ್ದದ ಹುಟ್ಟನ್ನೂ, ಅದು ನಡೆದುಬಂದ ದಾರಿಯನ್ನೂ, ಅದು ತನ್ನನ್ನು ನುಡಿಯುವವರ ಮೇಲೆ ಹೊರಿಸುವ ಹೊಣೆಯನ್ನೂ ವಿಚಾರಿಸುವುದು ಉಚಿತವಾಗಿರುತ್ತದೆ.

ಎದೆಗುಂದಿದವನಿಗೆ ಬಲ ತುಂಬುವ ಮಾತುಗಳು ಕನ್ನಡದಲ್ಲಿ ಕಡಿಮೆಯಾಗಿಲ್ಲ. ಮರದ ನಡುವಣ ಗಟ್ಟಿಯಾದ ತಿರುಳಿಗೆ ‘ಕೆಚ್ಚು’ ಎಂದು ಹೆಸರು. ಹೊರಗಣ ಭಾಗವನ್ನು ಹುಳುಗಳು ತಿಂದರೂ ಕೆಚ್ಚು ಬಹುಕಾಲ ಉಳಿಯುವುದನ್ನು ಕಂಡ ಜನರು, ಅಂಥ ಹೃದಯವುಳ್ಳವನನ್ನು ‘ಕೆಚ್ಚೆದೆಯವನು’ ಎಂದು ಕರೆದರು. ಎಳೆಯೊಂದೇ ಇದ್ದರೆ ಹರಿಯುವ ನಾರು, ಹಲವೆಳೆಗಳು ಕೂಡಿ ಹೊಸೆದಾಗ ‘ಹುರಿ’ಯಾಗಿ ಬಲಗೊಳ್ಳುವುದನ್ನು ಕಂಡು ‘ಹುರಿಗೊಳಿಸು’ ಎಂಬ ಮಾತು ಹುಟ್ಟಿತು. ಸಂಸ್ಕೃತದ ‘ಧೃಷ್ಟ’ ಶಬ್ದವು ‘ದಿಟ್ಟ’ವಾಗಿ, ‘ವೀರ’ ಶಬ್ದವು ‘ಬೀರ’ವಾಗಿ ಕನ್ನಡದ ಉಡುಗೆಯನ್ನುಟ್ಟುಕೊಂಡವು. ‘ಧೈರ್ಯ’ವೆಂಬುದು ‘ಧೀರ’ನ ಭಾವ. ವಿಕಾರವುಂಟಾಗಲು ಕಾರಣವು ಎದುರಿಗಿದ್ದರೂ ಯಾರ ಚಿತ್ತವು ಕದಡುವುದಿಲ್ಲವೋ ಅವರೇ ಧೀರರೆಂದು ಕಾಳಿದಾಸನು ಕುಮಾರಸಂಭವದಲ್ಲಿ, ತಪಸ್ಸಿನಲ್ಲಿದ್ದ ಶಿವನನ್ನು ಕುರಿತು ಹೇಳಿದ ಅಭಿಪ್ರಾಯವು ಪಂಡಿತರಿಗೆ ಚೆನ್ನಾಗಿ ತಿಳಿದಿದೆ. ಈ ಎಲ್ಲ ಶಬ್ದಗಳಲ್ಲಿಯೂ ಒಂದು ಸಮಾನಲಕ್ಷಣವುಂಟು. ಇವೆಲ್ಲವೂ ಅಂಜುವವನ ಒಳಗಿರುವ ಅಥವಾ ಇರಬೇಕಾದ ಗುಣವನ್ನು ಹೇಳುತ್ತವೆ. ಮರದ ಕೆಚ್ಚು ಮರದಲ್ಲಿಯೇ ಬಲಿಯಬೇಕು. ಧೀರನ ಧೈರ್ಯವು ಧೀರನಲ್ಲಿಯೇ ಮೂಡಬೇಕು.

‘ಅಭಯ’ವು ಈ ಗುಂಪಿಗೆ ಸೇರಿದುದಲ್ಲವೆಂಬುದಕ್ಕೆ ಕನ್ನಡಿಗರ ಮಾತಿನ ಬಳಕೆಯೇ ಸಾಕ್ಷಿಯಾಗಿದೆ. ದುಃಖದಲ್ಲಿರುವವನಿಗೆ ನೆರೆಹೊರೆಯವರು ‘ಧೈರ್ಯ ಹೇಳು’ವರು, ಒಡೆಯನಾದವನು ‘ಅಭಯ ಕೊಡು’ವನು. ‘ಅಭಯ ಹೇಳಿದನು’ ಎಂದು ಯಾರೂ ಆಡುವುದಿಲ್ಲ. ಧೈರ್ಯವನ್ನು ನಾಲಗೆಯಿಂದ ಹೇಳಿ ಹೋಗಬಹುದು. ಹೇಳಿದವನ ಮನೆಯಿಂದ ಏನೂ ಕಡಿಮೆಯಾಗುವುದಿಲ್ಲ. ಕೊಡುವ ವಸ್ತುವಾದರೋ ಕೊಡುವವನ ಕೈಯನ್ನು ಬಿಟ್ಟು ಕೊಳ್ಳುವವನ ಕೈಯನ್ನು ಸೇರಲೇಬೇಕು. ದ್ರವ್ಯದ ಮೇಲೆ ತನಗಿರುವ ಸ್ವತ್ವವನ್ನು ಬಿಟ್ಟು ಇನ್ನೊಬ್ಬನ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ಶಾಸ್ತ್ರಕಾರರು ಲಕ್ಷಣವನ್ನು ಮಾಡಿರುವರು. ಹೀಗಿರಲು, ಅಭಯವನ್ನು ದಾನಗಳಲ್ಲಿ ಒಂದೆಂದು ಎಣಿಸಿದ ಮೇಲೆ, ಅಭಯದಾನವನ್ನು ಮಾಡುವವನು ಬಿಟ್ಟುಕೊಡುವುದು ಏನನ್ನು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಶಬ್ದದ ಚರಿತ್ರೆಯನ್ನು ನೋಡಬೇಕು.

ಮೊದಲು ವ್ಯಾಕರಣದ ಮಾತು. ‘ಭೀ’ ಎಂಬ ಧಾತುವಿಗೆ ಅಂಜುವುದೆಂದು ಅರ್ಥ. ಅದರಿಂದ ‘ಭಯ’ವಾಯಿತು. ಅದರ ಹಿಂದೆ ನಿಷೇಧವನ್ನು ಹೇಳುವ ‘ನಞ್’ ಸೇರಿ ‘ಅಭಯ’ವಾಯಿತು. ಈ ‘ನಞ್’ಗೆ ವೈಯಾಕರಣರು ಆರು ಅರ್ಥಗಳನ್ನು ಹೇಳುವರು: ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತ್ವ, ಅಪ್ರಾಶಸ್ತ್ಯ, ವಿರೋಧ. ‘ಅಪಾಪ’ವೆಂದಾಗ ಪಾಪವಿಲ್ಲದಿರುವುದೆಂದಷ್ಟೇ ಅರ್ಥ, ಅದು ಅಭಾವ. ‘ಅಧರ್ಮ’ವೆಂದಾಗ ಧರ್ಮವಿಲ್ಲದಿರುವುದೆಂದಷ್ಟೇ ಅಲ್ಲದೆ, ಧರ್ಮಕ್ಕೆ ಎದುರಾಗಿ ನಿಂತು ಅದನ್ನು ಕೆಡಿಸುವಂಥದು ಎಂದರ್ಥ, ಅದು ವಿರೋಧ. ಅಭಯದಲ್ಲಿರುವ ಅಕಾರವು ಯಾವುದು? ಕಾಡಿನ ಕಲ್ಲಿಗೆ ಭಯವಿಲ್ಲ. ಆದರೆ ಕಲ್ಲು ಅಭಯವನ್ನು ಪಡೆದಿದೆಯೆಂದು ಯಾರೂ ಹೇಳರು. ಭಯವು ಬರುವ ಕಡೆಗೆ ಮುಖವಾಗಿ ನಿಂತು ಅದನ್ನು ತಡೆಯುವ ಶಕ್ತಿಗೆ ಮಾತ್ರ ಅಭಯವೆಂಬ ಹೆಸರು ಸಲ್ಲುವುದು. ಆದುದರಿಂದ ಇಲ್ಲಿ ಅಭಾವಕ್ಕಿಂತ ವಿರೋಧಾರ್ಥವೇ ಹೆಚ್ಚು ಹೊಂದುವಂತೆ ತೋರುತ್ತದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಕನ್ನಡದಲ್ಲಿ ‘ಹುಲಿಗೆ ಅಂಜಿದನು’ ಎಂದು ಚತುರ್ಥಿಯನ್ನು ಹಚ್ಚುವರು. ಸಂಸ್ಕೃತದಲ್ಲಿಯಾದರೋ ಭಯಕ್ಕೆ ಹೇತುವಾದುದು ಅಪಾದಾನವೆನಿಸುವುದೆಂದು ಪಾಣಿನಿಯು ವಿಧಿಸಿರುವುದರಿಂದ ಪಂಚಮೀ ವಿಭಕ್ತಿಯು ಬರುತ್ತದೆ; ಹುಲಿಯ ‘ದೆಸೆಯಿಂದ’ ಅಂಜಿದನು ಎಂದು ಅಲ್ಲಿಯ ರೀತಿ. ಅಂದಮೇಲೆ ಅಭಯವೆಂಬ ಮಾತನ್ನು ಕೇಳಿದೊಡನೆಯೇ ‘ಯಾರ ದೆಸೆಯಿಂದ ಭಯವಿಲ್ಲ?’ ಎಂಬ ಆಕಾಂಕ್ಷೆಯು ತಾನಾಗಿಯೇ ಏಳುತ್ತದೆ. ಆ ಪಂಚಮಿಯ ಸ್ಥಾನದಲ್ಲಿ ಯಾವ ಹೆಸರು ಬಂದು ನಿಲ್ಲುವುದೋ ಅದರ ಮೇಲೆ ಈ ಶಬ್ದದ ಸಮಗ್ರವಾದ ಚರಿತ್ರೆಯು ನಿಂತಿರುತ್ತದೆ.

ಕೋಶದಲ್ಲಿ ನೋಡಿದರೆ ಈ ಶಬ್ದವು ಮನೆಮದ್ದಿನ ಪೆಟ್ಟಿಗೆಯಲ್ಲಿಯೂ ಸಿಕ್ಕುವುದು ವಿನೋದವಾಗಿದೆ. ಅಮರಕೋಶದ ವನೌಷಧಿವರ್ಗದಲ್ಲಿ ‘ಅಭಯಾ’ ಎಂಬುದು ಹರೀತಕಿಯ, ಎಂದರೆ ಅಳಲೆಕಾಯಿಯ ಹೆಸರುಗಳಲ್ಲಿ ಒಂದು. ‘ಅಭಯ’ವೆಂದು ನಪುಂಸಕಲಿಂಗದಲ್ಲಿ ಹೇಳಿದರೆ ಲಾವಂಚದ ಬೇರು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಅಳಲೆ-ನೆಲ್ಲಿಗಳ ಹೆಸರನ್ನು ಹೊತ್ತ ‘ಅಭಯಾಮಲಕೀಯ’ ರಸಾಯನಪಾದದಿಂದಲೇ ಮೊದಲಾಗುತ್ತದೆ. ಹಸುಗೂಸಿಗೆ ಅಳಲೆಕಾಯಿಯನ್ನು ತೇಯ್ದು ನೆಕ್ಕಿಸುವ ಅಜ್ಜಿಯು ಶಾಸ್ತ್ರವನ್ನು ಓದಿದವಳಲ್ಲ. ಆದರೂ ಆಕೆಯ ಕೈಯಲ್ಲಿರುವುದು ಅಭಯವೇ. ರೋಗದ ದೆಸೆಯಿಂದ ಬರುವ ಭಯವನ್ನು ಕಳೆಯುವುದಾದುದರಿಂದ ಕಾಯಿಗೆ ಆ ಹೆಸರು ಬಂದಿತೆಂದು ತಿಳಿಯಬೇಕು. ಅಭಯವೆಂಬುದು ಬರಿಯ ಮನಸ್ಸಿನ ಸಮಾಧಾನವಾಗಿರದೆ, ಕೈಯಲ್ಲಿ ಹಿಡಿದು ಕೊಡಬಹುದಾದ ವಸ್ತುವಾಗಿಯೂ ಪ್ರಾಚೀನರಿಗೆ ಕಂಡಿತ್ತೆಂಬುದಕ್ಕೆ ಇದು ಒಂದು ಸಣ್ಣ ನಿದರ್ಶನ.

ಇನ್ನು ಚರಿತ್ರೆ. ಈ ಶಬ್ದವು ವೇದದಲ್ಲಿ ಬೇಡಿಕೆಯ ಮಾತಾಗಿ ಕಾಣಿಸಿಕೊಳ್ಳುತ್ತದೆ. ಯಾವ ಯಾವ ಎಡೆಯಿಂದ ತಾವು ಅಂಜುವೆವೋ ಅಲ್ಲಲ್ಲಿಂದ ತಮಗೆ ಅಭಯವನ್ನು ಮಾಡಬೇಕೆಂದು ಋಗ್ವೇದದ ಎಂಟನೆಯ ಮಂಡಲದಲ್ಲಿ ಋಷಿಯು ಇಂದ್ರನನ್ನು ಪ್ರಾರ್ಥಿಸುವನು. ಅಥರ್ವವೇದದ ಹತ್ತೊಂಬತ್ತನೆಯ ಕಾಂಡದ ಸೂಕ್ತವೊಂದರಲ್ಲಿ ಈ ಬೇಡಿಕೆಯು ಇನ್ನೂ ವಿಸ್ತಾರವಾಗುತ್ತದೆ. ಶತ್ರುವಿನಿಂದ ಅಭಯವನ್ನು ಬೇಡುವುದು ಸಹಜವೇ. ಆ ಋಷಿಯು ಮಿತ್ರನಿಂದಲೂ ಅಭಯವನ್ನು ಬೇಡುವನು. ಬಲ್ಲವರಿಂದಲೂ ಬಲ್ಲದವರಿಂದಲೂ, ಹಗಲಿನಲ್ಲಿಯೂ ಇರುಳಿನಲ್ಲಿಯೂ ಭಯವಿಲ್ಲದಿರಲಿ, ದಿಕ್ಕುಗಳೆಲ್ಲವೂ ತನಗೆ ಮಿತ್ರವಾಗಿರಲಿ ಎಂದು ಹಾರೈಸುವನು. ಮಿತ್ರನ ಹೆಸರು ಶತ್ರುವಿನ ಹೆಸರಿನ ಪಕ್ಕದಲ್ಲಿ ಬಂದುದನ್ನು ನೋಡಿದರೆ, ಮನುಷ್ಯಸ್ವಭಾವವನ್ನು ಆ ಪ್ರಾಚೀನನು ಎಷ್ಟು ಹತ್ತಿರದಿಂದ ಕಂಡಿದ್ದನೆಂಬುದು ತಿಳಿದುಬರುತ್ತದೆ. ಈ ಕಾಲದ ಅಭಯವು ದೇವತೆಯಿಂದ ಬರತಕ್ಕದ್ದು. ಮನುಷ್ಯನು ಕೈಯೊಡ್ಡಿ ನಿಂತವನು.

ಉಪನಿಷತ್ತುಗಳಿಗೆ ಬರುವಾಗ ಬೇಡುವ ಕೈ ಹಿಂದೆ ಸರಿದು ವಿಚಾರವು ಮುಂದೆ ಬರುತ್ತದೆ. ಆದಿಯಲ್ಲಿ ಒಬ್ಬನೇ ಇದ್ದ ಪುರುಷನು ಒಂಟಿಯಾಗಿರುವುದರಿಂದಲೇ ಅಂಜಿದನೆಂದೂ, ‘ತಾನಲ್ಲದೆ ಬೇರೊಂದಿಲ್ಲದಿರುವಾಗ ಯಾವುದರ ದೆಸೆಯಿಂದ ಅಂಜಬೇಕು?’ ಎಂದು ಆಲೋಚಿಸಿದೊಡನೆ ಆ ಭಯವು ಹೋಯಿತೆಂದೂ ಬೃಹದಾರಣ್ಯಕದಲ್ಲಿ ಹೇಳಿದೆ. ಎರಡೆಂಬುದಿದ್ದಲ್ಲಿ ಭಯ, ಎರಡಳಿದಲ್ಲಿ ಅಭಯ. ಅದೇ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ವಿದೇಹರಾಜನಾದ ಜನಕನಿಗೆ ಆತ್ಮತತ್ತ್ವವನ್ನು ಬೋಧಿಸಿ, ಅವನು ಅಭಯವನ್ನು ಪಡೆದನೆಂದು ಹೇಳುವನು. ಆಗ ಜನಕನು ಆಡಿದ ಮಾತಿನ ತಾತ್ಪರ್ಯವು ಬಹು ರಮಣೀಯವಾಗಿದೆ. ತನಗೆ ಅಭಯವನ್ನು ತಿಳಿಸಿಕೊಟ್ಟ ಗುರುವಿಗೂ ಅಭಯವೊದಗಲಿ ಎಂದು ಹಾರೈಸಿ, ವಿದೇಹದೇಶವನ್ನೂ ತನ್ನನ್ನೂ ಅವನು ಗುರುವಿಗೆ ಒಪ್ಪಿಸುವನು. ಗುರುವು ಕೊಟ್ಟುದನ್ನು ಶಿಷ್ಯನು ಗುರುವಿಗೇ ಮರಳಿಸಿ ಹಾರೈಸುವ ಈ ಸನ್ನಿವೇಶದಲ್ಲಿ ಕೊಟ್ಟವನು ಮೇಲಾಗಲಿಲ್ಲ, ಕೊಂಡವನು ಕೀಳಾಗಲಿಲ್ಲ. ತೈತ್ತಿರೀಯದಲ್ಲಿಯೂ ಬ್ರಹ್ಮದಲ್ಲಿ ನೆಲೆನಿಂತವನ ಸ್ಥಿತಿಗೆ ಅಭಯವೆಂದೇ ಹೆಸರು. ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀಸಂಪತ್ತಿನ ಗುಣಗಳನ್ನು ಎಣಿಸುವಾಗ ಮೊಟ್ಟಮೊದಲು ಬರುವ ಹೆಸರೂ ಅಭಯವೇ ಆಗಿದೆ.

ಬೇಡಿದ ಅಭಯ, ಪಡೆದ ಅಭಯ—ಇವೆರಡರ ಮೇಲೆ ಮೂರನೆಯದಾಗಿ ಕೊಡುವ ಅಭಯವು ಧರ್ಮಶಾಸ್ತ್ರಗಳಲ್ಲಿ ಮೈದೋರುತ್ತದೆ. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ, ಮನೆಯನ್ನು ಬಿಟ್ಟು ಹೊರಡುವ ಸಂನ್ಯಾಸಿಯು ಸಕಲಭೂತಗಳಿಗೂ ಅಭಯವನ್ನು ಕೊಟ್ಟು ಹೊರಡಬೇಕೆಂದಿದೆ. ಈ ವಿಧಿಯನ್ನು ಚೆನ್ನಾಗಿ ಮನನ ಮಾಡಬೇಕು. ಸಂನ್ಯಾಸಿಗೆ ಸೈನ್ಯವಿಲ್ಲ, ಕೋಟೆಯಿಲ್ಲ, ಉಗ್ರಾಣವಿಲ್ಲ. ಅವನು ಯಾರನ್ನು ಯಾವುದರಿಂದ ಕಾಪಾಡಬಲ್ಲನು? ಅವನ ಅಭಯದಲ್ಲಿ ಪಂಚಮಿಯ ಸ್ಥಾನಕ್ಕೆ ಬರುವವನು ಅವನೇ. ಇನ್ನು ಮೇಲೆ ತನ್ನ ದೆಸೆಯಿಂದ ಯಾವ ಜೀವಿಗೂ ಭಯವಿರದು ಎಂಬುದೇ ಅವನು ಕೊಡಬಲ್ಲ ಸರ್ವಸ್ವ. ಮೇಲೆ ಎತ್ತಿದ ಪ್ರಶ್ನೆಗೆ ಉತ್ತರವು ಇಲ್ಲಿ ದೊರೆಯುತ್ತದೆ: ಅಭಯದಾನವನ್ನು ಮಾಡುವವನು ಮೊದಲು ಬಿಟ್ಟುಕೊಡುವುದು, ಇತರರನ್ನು ಅಂಜಿಸಲು ತನಗಿರುವ ಶಕ್ತಿಯನ್ನು. ಅದೇ ಸ್ಮೃತಿಯ ಎಂಟನೆಯ ಅಧ್ಯಾಯವು ಪ್ರಜೆಗಳಿಗೆ ಅಭಯವನ್ನು ಕೊಡುವ ರಾಜನನ್ನು ಹೊಗಳುತ್ತದೆ. ರಾಜನಿಗೆ ಎರಡನೆಯ ಹೊಣೆಯೂ ಉಂಟು. ಕಳ್ಳರ ದೆಸೆಯಿಂದಲೂ ಬಲಿಷ್ಠರ ದೆಸೆಯಿಂದಲೂ ಬರುವ ಭಯವನ್ನು ಅವನು ತಡೆಯಬೇಕು. ಆದರೆ ರಾಜನೇ ಭಯಕಾರಣನಾದಲ್ಲಿ ಈ ಎರಡನೆಯ ಹೊಣೆಗೆ ಅರ್ಥವೇ ಉಳಿಯದು.

ಅಭಯವನ್ನು ಕೊಡುವುದು ಸುಲಭವಾದ ಕೆಲಸವಲ್ಲವೆಂಬುದನ್ನು ರಾಮಾಯಣದ ಯುದ್ಧಕಾಂಡದಲ್ಲಿ ವಾಲ್ಮೀಕಿಯು ತೋರಿಸಿರುವನು. ಶರಣುಬಂದ ವಿಭೀಷಣನು ಶತ್ರುವಿನ ತಮ್ಮನು. ಇವನನ್ನು ನಂಬಬಾರದೆಂದು ಸುಗ್ರೀವನು ವಾದಿಸಿದುದು ಅವಿವೇಕದಿಂದೇನೂ ಅಲ್ಲ. ಯುದ್ಧದ ಹೊತ್ತಿನಲ್ಲಿ ಎಚ್ಚರಿಕೆಯುಳ್ಳ ಸೇನಾನಾಯಕನು ಆಡತಕ್ಕ ಮಾತದು. ರಾಮನು ತನ್ನ ಹೆಂಡತಿಯನ್ನು ಹಿಡಿದ ಬೇಡನಿಗೂ ತನ್ನ ಮಾಂಸದಿಂದಲೇ ಆತಿಥ್ಯ ಮಾಡಿದ ಪಾರಿವಾಳದ ಕಥೆಯನ್ನು ನೆನಪಿಸಿ, ಒಮ್ಮೆ ಶರಣೆಂದವನಿಗೆ ಅಭಯವನ್ನು ಕೊಡುವುದು ತನ್ನ ವ್ರತವೆಂದೂ, ಬಂದವನು ರಾವಣನೇ ಆಗಿದ್ದರೂ ಕರೆತರಬೇಕೆಂದೂ ಹೇಳುವನು. ಅಷ್ಟಕ್ಕೇ ಕಥೆಯು ನಿಲ್ಲುವುದಿಲ್ಲ. ರಾಮನ ಅಪ್ಪಣೆಯಂತೆ ಲಕ್ಷ್ಮಣನು ಸಮುದ್ರದ ನೀರನ್ನು ತಂದು ಅಲ್ಲಿಯೇ ವಿಭೀಷಣನಿಗೆ ಅಭಿಷೇಕವನ್ನು ಮಾಡುವನು. ಅಭಯವಚನವು ಬಾಯಿಂದ ಹೊರಟ ದಿನವೇ ಅದಕ್ಕೆ ತಕ್ಕ ಕಾರ್ಯವೂ ನಡೆಯಿತು.

ಪುರಾಣೇತಿಹಾಸಗಳ ಈ ಆದರ್ಶವು ನೆಲದ ಮೇಲೆ ಎಂದಾದರೂ ಇಳಿಯಿತೇ ಎಂದು ಕೇಳುವವರಿಗೆ ಕರ್ನಾಟಕದ ಕಲ್ಲುಗಳೇ ಉತ್ತರವನ್ನು ಕೊಡುತ್ತವೆ. ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ ೧೯೮೬ರಲ್ಲಿ ಕಾಳಿಯ ಗುಡಿಯ ಛಾವಣಿಯು ಕುಸಿದುಬಿದ್ದ ತರುವಾಯ, ಒಳಗಿದ್ದ ಕಲ್ಲಿನ ಮೇಲೆ ಮೌರ್ಯಚಕ್ರವರ್ತಿಯಾದ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂದಿತು. ಅವು ಕ್ರಿಸ್ತಪೂರ್ವ ೩ನೆಯ ಶತಮಾನದವು. ಅವುಗಳಲ್ಲಿ ಒಂದು, ಒಡಿಶಾ ಪ್ರಾಂತದ ಧೌಲಿ, ಜೌಗಡಗಳಲ್ಲಿಯೂ ಇರುವ ಪ್ರತ್ಯೇಕ ಶಾಸನವಾಗಿದೆ. ತಾನು ಗೆಲ್ಲದ ಗಡಿನಾಡಿನ ಜನರು ‘ಈ ಅರಸನು ನಮ್ಮನ್ನು ಏನು ಮಾಡುವನೋ’ ಎಂದು ಶಂಕಿಸಬಹುದೆಂದೂ, ಅವರು ತನ್ನ ದೆಸೆಯಿಂದ ಉದ್ವೇಗಗೊಳ್ಳದೆ ತನ್ನನ್ನು ನಂಬಬೇಕೆಂದೂ, ತನ್ನಿಂದ ಅವರಿಗೆ ಸುಖವೇ ದೊರೆಯಬೇಕಲ್ಲದೆ ದುಃಖವು ದೊರೆಯಬಾರದೆಂದೂ ಅವನು ಅದರಲ್ಲಿ ತಿಳಿಸಿರುವನು. ಕ್ಷಮಿಸಬಹುದಾದುದನ್ನು ತಾನು ಕ್ಷಮಿಸುವೆನೆಂದೂ ಹೇಳಿರುವನು. ಅಲ್ಲಿರುವುದು ಅಭಯವೆಂಬ ಶಬ್ದವಲ್ಲ, ಉದ್ವೇಗವಿಲ್ಲದಿರುವುದೆಂಬ ಶಬ್ದ. ಆದರೆ ಅರ್ಥವು ಅಭಯವೇ. ಕಳಿಂಗದಲ್ಲಿ ರಕ್ತಪಾತವನ್ನು ಮಾಡಿದ ಅರಸನ ಬಾಯಿಂದ ಈ ಮಾತು ಬಂದುದನ್ನು ನೆನೆಯಬೇಕು. ಪಂಚಮಿಯ ಸ್ಥಾನದಲ್ಲಿ ಅವನು ತನ್ನನ್ನೇ ನಿಲ್ಲಿಸಿಕೊಂಡಿರುವನು. ಅಧಿಕಾರಿಗಳು ಆ ಜನರಿಗೆ ಆಶ್ವಾಸನವನ್ನು ಕೊಡಬೇಕೆಂದೂ, ನಾಲ್ಕು ತಿಂಗಳಿಗೊಮ್ಮೆ ತಿಷ್ಯನಕ್ಷತ್ರದ ದಿನ ಈ ಶಾಸನವನ್ನು ಓದಿ ಕೇಳಿಸಬೇಕೆಂದೂ ವಿಧಿಸಿರುವನು. ಒಮ್ಮೆ ಕೊಟ್ಟ ಅಭಯವು ಮರೆತುಹೋಗದಂತೆ ಮಾಡಿದ ಏರ್ಪಾಡು ಅದು.

ಜೈನಧರ್ಮವು ಕರ್ನಾಟಕದಲ್ಲಿ ಬೆಳಗಿದ ಕಾಲದಲ್ಲಿ ಅಭಯವು ದಾನಗಳ ಗಣನೆಯಲ್ಲಿ ಸ್ಥಿರವಾದ ಸ್ಥಾನವನ್ನು ಪಡೆಯಿತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ—ಇವು ಜೈನರ ಚತುರ್ವಿಧ ದಾನಗಳು. ಈ ನಾಲ್ಕು ದಾನಗಳಲ್ಲಿ ವಿನೋದಪಡುವವರೆಂದು ದಾನಿಗಳನ್ನು ಹೊಗಳುವುದು ಕನ್ನಡನಾಡಿನ ಜೈನಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಪದ್ಧತಿಯಾಗಿದೆ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಅರಿಯದವನಿಗೆ ವಿದ್ಯೆ, ಅಂಜಿದವನಿಗೆ ಅಭಯ. ಈ ಸಾಲಿನಲ್ಲಿ ನಿಂತಾಗ ಅಭಯದ ತೂಕವು ಸ್ಪಷ್ಟವಾಗುತ್ತದೆ. ಹಸಿದವನಿಗೆ ‘ಉಂಡೆಯೆಂದು ಭಾವಿಸಿಕೋ’ ಎಂದು ಹೇಳುವುದು ಹೇಗೆ ಅನ್ನದಾನವಾಗದೋ, ಅಂಜಿದವನಿಗೆ ‘ಅಂಜಬೇಡ’ವೆಂದಷ್ಟೇ ಹೇಳುವುದು ಹಾಗೆಯೇ ಅಭಯದಾನವಾಗದು.

ಈ ನಾಲ್ಕು ದಾನಗಳನ್ನು ಒಂದೇ ಸೂರಿನ ಕೆಳಗೆ ನಡೆಯಿಸಿದ ಶೈವಮಠವೊಂದರ ವರ್ಣನೆಯು ಶಾಸನದಲ್ಲಿ ಉಳಿದುಬಂದಿರುವುದು ಮಠಭಕ್ತರೆಲ್ಲರ ಭಾಗ್ಯ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಸಂಪ್ರದಾಯವು ಹೇಳುವ ಊರು. ಅಲ್ಲಿಯ ದಕ್ಷಿಣಕೇದಾರೇಶ್ವರನ ಸನ್ನಿಧಿಯಲ್ಲಿ ಕಾಳಾಮುಖ ಶೈವಾಚಾರ್ಯರ ಕೋಡಿಯಮಠವು ಮೆರೆಯುತ್ತಲಿತ್ತು. ಬಿಜ್ಜಳನ ಆಳ್ವಿಕೆಯ ೧೧೬೨ನೆಯ ಇಸವಿಯ ಶಾಸನವು ಆ ಮಠವು ಯಾವುದಕ್ಕೆಲ್ಲ ಸ್ಥಾನವಾಗಿತ್ತೆಂಬುದನ್ನು ಸಾಲುಸಾಲಾಗಿ ಹೇಳುತ್ತದೆ. ಅದು ಶಿವಲಿಂಗಪೂಜೆಯ ಸ್ಥಾನ. ನಾಲ್ಕು ವೇದಗಳ ಸ್ವಾಧ್ಯಾಯಕ್ಕೂ, ಪಾಣಿನೀಯವೇ ಮೊದಲಾದ ವ್ಯಾಕರಣಗಳಿಗೂ, ಬೌದ್ಧವನ್ನೊಳಗೊಂಡ ದರ್ಶನಗಳಿಗೂ, ಲಾಕುಲಸಿದ್ಧಾಂತಕ್ಕೂ, ಕಾವ್ಯನಾಟಕಗಳಿಗೂ ಸ್ಥಾನ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕಥೆ ಹೇಳುವವರು, ನಾನಾ ದೇಶದ ಭಿಕ್ಷುಕರು—ಇವರೆಲ್ಲರಿಗೆ ಅನ್ನವಿಕ್ಕುವ ಸ್ಥಾನ. ದಿಕ್ಕಿಲ್ಲದ ರೋಗಿಗಳಿಗೆ ಔಷಧವನ್ನು ಕೊಡುವ ಸ್ಥಾನ. ಸಕಲಭೂತಗಳಿಗೂ ಅಭಯವನ್ನು ಕೊಡುವ ಸ್ಥಾನ. ಶಾಸ್ತ್ರ, ಆಹಾರ, ಭೈಷಜ್ಯ, ಅಭಯ ಎಂದು ಜೈನರು ಎಣಿಸಿದ ನಾಲ್ಕೂ ಇಲ್ಲಿವೆ; ಅಭಯವು ಅನ್ನ ಮತ್ತು ಔಷಧಗಳ ತರುವಾಯ ಬಂದಿದೆ. ಹಸಿವನ್ನೂ ರೋಗವನ್ನೂ ಕಳೆದ ಮೇಲೆ ನುಡಿಯುವ ಅಭಯಕ್ಕೆ ಬೆಲೆ ಹೆಚ್ಚೆಂಬುದನ್ನು ಆ ಸಾಲು ತಾನಾಗಿಯೇ ತಿಳಿಸುವಂತಿದೆ.

ಆದರೆ ಚರಿತ್ರೆಯು ಕಹಿಯನ್ನೂ ಮುಚ್ಚಿಡುವುದಿಲ್ಲ. ಮಠದ ಅಭಯಪ್ರದಾನವನ್ನು ಶಾಸನವು ಹೊಗಳಿದುದು ಯಾವ ಬಿಜ್ಜಳನ ಆಳ್ವಿಕೆಯಲ್ಲಿಯೋ, ಅದೇ ಆಳ್ವಿಕೆಯ ಕೊನೆಯಲ್ಲಿ, ೧೧೬೭-೬೮ರ ಸುಮಾರಿಗೆ, ಕಲ್ಯಾಣದಲ್ಲಿ ಹರಳಯ್ಯ-ಮಧುವಯ್ಯಗಳು ತಮ್ಮ ಮಕ್ಕಳ ವಿವಾಹದ ಕಾರಣದಿಂದ ಘೋರವಾದ ಮರಣದಂಡನೆಗೆ ಗುರಿಯಾದರೆಂದು ಶರಣಪರಂಪರೆಯು ಹೇಳುತ್ತದೆ. ಜಾತಿಯ ಗೋಡೆಯನ್ನು ದಾಟಿ ಕೈಹಿಡಿದವರಿಗೆ ಅರಮನೆಯಿಂದ ಅಭಯವು ದೊರೆಯಲಿಲ್ಲ, ಅರಮನೆಯೇ ಭಯಕಾರಣವಾಯಿತು. ಅರಸನ ಅಭಯವು ಅರಸನ ಮನಸ್ಸಿರುವವರೆಗೆ ಮಾತ್ರ ಎಂಬ ಪಾಠವನ್ನು ಆ ವಿಪ್ಲವವು ಕಲಿಸಿತು. ಚನ್ನಬಸವಣ್ಣನವರೊಡನೆ ಉಳವಿಯ ಕಡೆಗೆ ವಚನಗಳ ಕಟ್ಟುಗಳನ್ನು ಹೊತ್ತು ನಡೆದ ಶರಣರ ಬಳಿ ಯಾವ ಅರಸನ ಅಭಯವೂ ಇರಲಿಲ್ಲ. ಅವರು ನಂಬಿದ ಅಭಯವು ಬೇರೆ ಬಗೆಯದಾಗಿತ್ತು.

ಆ ಬಗೆಯು ಯಾವುದೆಂಬುದು ‘ಶರಣ’ವೆಂಬ ಶಬ್ದದಲ್ಲಿಯೇ ಅಡಗಿದೆ. ಸಂಸ್ಕೃತದಲ್ಲಿ ‘ಶರಣ’ವೆಂದರೆ ಮನೆ, ಕಾಪಾಡುವವನು ಎಂದು ಕೋಶಕಾರನು ಅರ್ಥ ಹೇಳುವನು. ಮರೆಹೊಗುವವನು ಶರಣಾಗತನೇ ಹೊರತು ಶರಣನಲ್ಲ. ಕನ್ನಡದಲ್ಲಿಯಾದರೋ ಶಿವನನ್ನು ಮರೆಹೊಕ್ಕ ಭಕ್ತನಿಗೇ ‘ಶರಣ’ನೆಂಬ ಹೆಸರು ನಿಂತಿತು. ಹೀಗೆ ಮರೆಹೊಕ್ಕವನೂ ಮರೆಯಾಗುವವನೂ ಒಂದೇ ಶಬ್ದದಲ್ಲಿ ಕೂಡಿದರು. ಆಶ್ರಯವನ್ನು ಪಡೆದವನು ತಾನೇ ಇತರರಿಗೆ ಆಶ್ರಯವಾಗಬೇಕೆಂಬ ತಾತ್ಪರ್ಯವನ್ನು ಇದರಿಂದ ಹೊರಡಿಸಬಹುದು. ಶರಣರು ಒಬ್ಬರಿಗೊಬ್ಬರು ಎದುರಾದಾಗ ‘ಶರಣು’ ಎಂದರೆ ‘ಶರಣಾರ್ಥಿ’ ಎಂದು ಮರುನುಡಿಯುವ ಪದ್ಧತಿಯಲ್ಲಿಯೂ ಇದೇ ಸ್ವಾರಸ್ಯವಿದೆ. ಒಬ್ಬನು ಬೇಡಿ ಇನ್ನೊಬ್ಬನು ಕೊಡುವ ಕ್ರಮ ಅಲ್ಲಿಲ್ಲ. ಇಬ್ಬರೂ ತಲೆಬಾಗುವರು, ಇಬ್ಬರೂ ಒಬ್ಬರಿಗೊಬ್ಬರು ಅಭಯವಾಗುವರು. ಜನಕ-ಯಾಜ್ಞವಲ್ಕ್ಯರ ಹಾರೈಕೆಯು ಕಾಯಕಜೀವಿಗಳ ಬೀದಿಯಲ್ಲಿ ದಿನದ ನಮಸ್ಕಾರವಾಗಿ ಪರಿಣಮಿಸಿತೆಂದರೆ ತಪ್ಪಾಗಲಾರದು.

ಅಭಯಹಸ್ತದ ವಿಷಯದಲ್ಲಿಯೂ ಇಲ್ಲೊಂದು ವಿಶೇಷವುಂಟು. ದೇವಾಲಯಗಳ ಚತುರ್ಭುಜ ಶಿವಮೂರ್ತಿಗಳಲ್ಲಿ ಹಿಂದಣ ಕೈಗಳಲ್ಲಿ ಪರಶುವೂ ಮೃಗವೂ, ಮುಂದಣ ಕೈಗಳಲ್ಲಿ ಅಭಯವೂ ವರದವೂ ಇರುವುದು ವಾಡಿಕೆ. ಎಲೆಯಲುಗಿದರೂ ಬೆಚ್ಚುವ ಜಿಂಕೆಯು ಆಯುಧದ ಸಮೀಪದಲ್ಲಿಯೇ ಶಿವನ ಬೆರಳುಗಳ ಮೇಲೆ ನಿಂತಿರುವುದನ್ನು ಭಕ್ತರು ನೋಡಿರಬಹುದು. ಅಂಗೈಯನ್ನು ತೆರೆದು ತೋರಿಸುವ ಅಭಯಮುದ್ರೆಯ ಅರ್ಥವೂ ಅದೇ. ಈ ಕೈಯಲ್ಲಿ ಹೊಡೆಯತಕ್ಕ ವಸ್ತುವೊಂದೂ ಇಲ್ಲ. ಇಷ್ಟಲಿಂಗೋಪಾಸನೆಯಲ್ಲಿ ಇಂಥ ಮೂರ್ತಿಯಿಲ್ಲ, ಎತ್ತಿದ ಕೈಯೂ ಇಲ್ಲ. ಅದಕ್ಕೆ ಬದಲಾಗಿ ದೀಕ್ಷಾಕಾಲದಲ್ಲಿ ಹಸ್ತಮಸ್ತಕಸಂಯೋಗವಿದೆ. ದೂರದಲ್ಲಿ ನಿಂತು ಎತ್ತಿದ ಕೈ, ಇಲ್ಲಿ ಇಳಿದುಬಂದು ಶಿಷ್ಯನ ತಲೆಯನ್ನು ಮುಟ್ಟುತ್ತದೆ. ತರುವಾಯ ಲಿಂಗವು ಶಿಷ್ಯನ ಅಂಗೈಗೇ ಬರುತ್ತದೆ. ಕಾಯುವ ದೈವವನ್ನು ಕಾಯಿಸಿಕೊಳ್ಳುವವನ ಕೈಯಲ್ಲಿಯೇ ಇಟ್ಟುಬಿಡುವ ಈ ಸಂಸ್ಕಾರಕ್ಕಿಂತ ಮಿಗಿಲಾದ ಅಭಯದಾನವಾವುದು?

ಮುಟ್ಟಿದ ಕೈಯಿಂದ ಅಭಯವನ್ನು ಕೊಟ್ಟುದಕ್ಕೆ ಅರಸರ ಚರಿತ್ರೆಯಲ್ಲಿಯೂ ಒಂದು ಪ್ರಸಿದ್ಧ ನಿದರ್ಶನವಿದೆ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿ, ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಅರಸನಲ್ಲಿ ಮೊರೆಯಿಟ್ಟರು. ೧೩೬೮ರ ಶ್ರವಣಬೆಳಗೊಳದ ಶಾಸನವು ಹೇಳುವಂತೆ, ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಯಾರ ದೆಸೆಯಿಂದ ಭಯವಿತ್ತೋ ಅವರ ಕೈಗೇ ಕಾಪಾಡುವ ಹೊಣೆಯನ್ನು ಒಪ್ಪಿಸಿದ ಈ ಕ್ರಮವು ಬಹು ಆಳವಾದುದು. ಜೈನರು ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಕೊಡತಕ್ಕದ್ದೆಂದೂ, ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣವನ್ನು ಬಳಿಸತಕ್ಕದ್ದೆಂದೂ ಏರ್ಪಾಟಾಯಿತು. ಅಭಯದ ಮಾತಿನ ಬೆನ್ನಿಗೆ ಕಾವಲುಗಾರನ ಸಂಬಳವೂ ಸುಣ್ಣದ ಲೆಕ್ಕವೂ ಬಂದುವು. ಶಬ್ದದ ಗಾಂಭೀರ್ಯಕ್ಕೆ ಇದರಿಂದ ಕುಂದಿಲ್ಲ. ಶಬ್ದವು ನಿಜವಾದುದೇ ಇದರಿಂದ.

ಆಧುನಿಕ ಕಾಲದಲ್ಲಿ ತುಮಕೂರಿನ ಸಿದ್ಧಗಂಗಾಮಠದಲ್ಲಿ ೧೯೪೧ರಿಂದ ಪೀಠವನ್ನಲಂಕರಿಸಿ ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರಸ್ವಾಮಿಗಳವರು ಜಾತಿಮತಗಳ ಭೇದವಿಲ್ಲದೆ ಸಾವಿರಾರು ಬಡ ಬಾಲಕರಿಗೆ ನಡೆಯಿಸಿದ ತ್ರಿವಿಧ ದಾಸೋಹವು ಅನ್ನ, ಅಕ್ಷರ, ಆಶ್ರಯಗಳೆಂದು ಪ್ರಸಿದ್ಧವಾಗಿದೆ. ಕೋಡಿಯಮಠದ ಸಾಲನ್ನು ನೆನೆದವರಿಗೆ ಈ ಮೂರು ಹೆಸರುಗಳು ಹೊಸವೆನಿಸಲಾರವು. ಆಶ್ರಯವೆಂಬುದು ಅಭಯದ ಕನ್ನಡನಾಡಿನ ಮನೆಮಾತು. ನಾಳೆಯ ಊಟವೆಲ್ಲಿಂದ ಎಂದು ಅಂಜುವ ಬಾಲಕನಿಗೆ ಚಾಪೆಯನ್ನೂ ತಟ್ಟೆಯನ್ನೂ ಪುಸ್ತಕವನ್ನೂ ತೋರಿಸುವುದು ಯಾವ ಅಭಯಮುದ್ರೆಗೂ ಕಡಿಮೆಯಾದುದಲ್ಲ.

ಇಷ್ಟು ದೂರ ಬಂದ ಶಬ್ದವು ಇಂದಿನ ಮಠಗಳನ್ನೂ ಭಕ್ತರನ್ನೂ ಕೇಳುವ ಪ್ರಶ್ನೆಯೊಂದುಂಟು. ಅದು ತುಸು ಕಠಿನವಾದುದೇ ಸರಿ. ಗುರುವಿನ ಕೋಪಕ್ಕೂ ಶಾಪಕ್ಕೂ ಅಂಜಿ ಭಕ್ತನು ಕಾಣಿಕೆಯನ್ನಿಡುವಂತಾದರೆ, ಅಲ್ಲಿ ಪಂಚಮಿಯ ಸ್ಥಾನಕ್ಕೆ ಗುರುವೇ ಬಂದಂತಾಯಿತು. ಹೆದರಿದವರ ಮೇಲೆ ಹಾವೆಸೆದಂತೆ ಎಂಬ ಗಾದೆಯು ಆಗ ಮಠಕ್ಕೂ ಹೊಂದುವುದು. ಉಳ್ಳವನು ನಿರ್ಭಯವಾಗಿ ಮುಂದೆ ಬಂದು ಕುಳಿತು, ಇಲ್ಲದವನು ಬಾಗಿಲಲ್ಲಿ ಅಳುಕಿ ನಿಂತರೆ, ಗೋಡೆಯ ಮೇಲೆ ಬರೆದ ಅಭಯಹಸ್ತವು ಬರಿಯ ಬಣ್ಣವಾಗಿ ಉಳಿಯುವುದು. ಭಕ್ತರ ಹೊಣೆಯೂ ಕಡಿಮೆಯದಲ್ಲ. ಗುರುವಿನಿಂದ ಅಭಯವನ್ನು ಪಡೆದು ಮನೆಗೆ ಹೋದವನು ಸೊಸೆಗೆ, ಆಳಿಗೆ, ಸಾಲಗೊಂಡ ನೆರೆಯವನಿಗೆ ಭಯಕಾರಣನಾಗಿಯೇ ಇದ್ದರೆ, ಅವನು ಮಠದಿಂದ ಕೊಂಡುಹೋದುದು ಅಭಯವನ್ನಲ್ಲ. ಅಭಯವು ಒಬ್ಬನಲ್ಲಿ ನಿಂತು ಕೊಳೆಯುವ ನೀರಲ್ಲ. ಕೆರೆಯ ಕೋಡಿಯಂತೆ ತುಂಬಿದಂತೆಲ್ಲ ಮುಂದಕ್ಕೆ ಹರಿಯತಕ್ಕುದು.

ವೇದದ ಋಷಿಯು ಬೇಡಿದುದು, ಜನಕನು ಪಡೆದುದು, ಅಶೋಕನು ಬರೆಯಿಸಿದುದು, ಬಳ್ಳಿಗಾವಿಯ ಶಿವಯೋಗಿಗಳು ಅನ್ನ ಮದ್ದುಗಳೊಡನೆ ಹಂಚಿದುದು, ಕಲ್ಯಾಣದ ಶರಣರು ಅರಸನಿಲ್ಲದೆಯೂ ಉಳಿಸಿಕೊಂಡುದು—ಇವೆಲ್ಲವೂ ಒಂದೇ ಶಬ್ದದ ಹೆಜ್ಜೆಗಳು. ಶ್ರೀಮಠವು ಕಳೆದ ವರ್ಷಗಳಲ್ಲಿ ಎಷ್ಟು ಮಂದಿಯ ಭಯವನ್ನು ಕಳೆಯಿತೆಂಬ ಲೆಕ್ಕವು ಯಾವ ಕಡತದಲ್ಲಿಯೂ ಸಿಕ್ಕಲಾರದು. ಅದು ಉಂಡು ಎದ್ದುಹೋದವರ, ಓದಿ ಮುಂದುವರಿದವರ, ಕಣ್ಣೊರಸಿಕೊಂಡು ಹಿಂದಿರುಗಿದವರ ಮನಸ್ಸುಗಳಲ್ಲಿ ಮಾತ್ರ ಬರೆದಿರುತ್ತದೆ. ಮುಂದೆ ಬರುವ ವರ್ಷಗಳಲ್ಲಿಯೂ ಅಂಜಿ ಬಂದವರು ಅಂಜದೆ ಒಳಗೆ ಬರುವಂತೆ ಈ ಬಾಗಿಲು ತೆರೆದಿರಲಿ. ಒಳಗೆ ಬಂದವರು ಇತರರಿಗೆ ಅಭಯವಾಗಿ ಹೊರಗೆ ಹೋಗುವಂತೆ ಶ್ರೀಗುರುಲಿಂಗಜಂಗಮರು ಕರುಣಿಸಲಿ.

ಸರ್ವರಿಗೂ ಮಂಗಳವಾಗಲಿ.